ನಮ್ಮೂರಿನ ಕಿರುಚಿತ್ರವನ್ನು ರಾಷ್ಟ್ರಪ್ರಶಸ್ತಿಗೆ ಕಳಿಸುವುದು ಹೇಗೆ? ಕಥೆಯಿಂದ ಅರ್ಜಿಯವರೆಗೆ

"ಸಿನಿಮಾ ಮುಗಿದಿದೆ, ಯೂಟ್ಯೂಬಿಗೂ ಹಾಕಿ ಆಯ್ತು, ಒಳ್ಳೆ ಕಮೆಂಟ್ ಬರ್ತಾ ಉಂಟು. ಇನ್ನು ನ್ಯಾಷನಲ್ ಅವಾರ್ಡಿಗೆ ಕಳಿಸಬೇಕಿತ್ತು, ಹೇಗೆ?"

ಮಂಗಳೂರು, ಉಡುಪಿ ಕಡೆಯ ಹುಡುಗರು ವರ್ಷಕ್ಕೆ ನಾಲ್ಕೈದು ಜನ ಹೀಗೆ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಸೆನ್ಸಾರ್ ಆಗಿದೆಯಾ? ಅಲ್ಲಿಗೆ ಮಾತು ನಿಲ್ಲುತ್ತದೆ. ಕಿರುಚಿತ್ರಕ್ಕೆ ಎಂತ ಸೆನ್ಸಾರ್ ಮಾರಾಯ್ರೆ ಅಂತ ಒಂದು ನಗು. ಆ ನಗುವಿನ ಬೆಲೆ ಎಷ್ಟು ಅಂತ ನನಗೆ ಗೊತ್ತು, ಯಾಕೆಂದರೆ ನಮ್ಮ ಮೊದಲ ಸಿನಿಮಾದಲ್ಲಿ ಒಂದು ಕೋಳಿಯಿಂದಾಗಿ ನಾವು ಒಂದಿಡೀ ವರ್ಷ ಕಳೆದುಕೊಂಡೆವು. ಆ ಕಥೆ ಮುಂದೆ ಬರುತ್ತದೆ.

ಈ ಬರಹ ಸಿನಿಮಾ ಮಾಡುವುದು ಹೇಗೆ ಅಂತ ಕಲಿಸುವುದಕ್ಕಲ್ಲ. ಮಾಡಿದ ಸಿನಿಮಾ ತೀರ್ಪುಗಾರರ ಎದುರಿಗೆ ಸರಿಯಾಗಿ ಹೋಗಿ ಕೂರುವುದಕ್ಕೆ ಏನೆಲ್ಲ ಬೇಕು ಅಂತ ಹೇಳುವುದಕ್ಕೆ.

ಮೊದಲು, ನೀವು ಯಾವ ಬಾಗಿಲಲ್ಲಿ ಹೋಗುತ್ತಿದ್ದೀರಿ ಅಂತ ತಿಳಿದುಕೊಳ್ಳಿ

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಶುರುವಾದದ್ದು 1954ರಲ್ಲಿ. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಪ್ರಶಸ್ತಿ ಇದು. ಮೊದಲು ಚಲನಚಿತ್ರೋತ್ಸವ ನಿರ್ದೇಶನಾಲಯ ನೋಡಿಕೊಳ್ಳುತ್ತಿತ್ತು, 2022ರಲ್ಲಿ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಫ್‌ಡಿಸಿ ಒಳಗೆ ಸೇರಿತು. ಹಾಗಾಗಿ ಈಗ ಅರ್ಜಿಗೆ ಕಣ್ಣಿಡಬೇಕಾದದ್ದು ಎನ್‌ಎಫ್‌ಡಿಸಿ ಮೇಲೆ.

ಪ್ರಶಸ್ತಿಯಲ್ಲಿ ಎರಡು ದೊಡ್ಡ ವಿಭಾಗ. ಒಂದು ಕಥಾಚಿತ್ರ, ಅಂದರೆ ಉದ್ದದ ಸಿನಿಮಾ. ಇನ್ನೊಂದು ಕಥೇತರ, ಎಲ್ಲರೂ 'ನಾನ್ ಫೀಚರ್' ಅನ್ನುವುದು. ಹೆಸರು ಕಥೇತರ ಅಂತ ಇದ್ದರೂ ಕಥೆ ಹೇಳುವ ಕಿರುಚಿತ್ರ ಬರುವುದು ಇದರಲ್ಲೇ, ಸಾಕ್ಷ್ಯಚಿತ್ರದ ಪಕ್ಕದಲ್ಲೇ. ಅತ್ಯುತ್ತಮ ಕಿರುಚಿತ್ರ ಅಂತ ಒಂದು ಪ್ರಶಸ್ತಿ ಉಂಟು, ಅದಕ್ಕೆ 30 ನಿಮಿಷದ ಮಿತಿ. ನಿಮ್ಮದು 31 ನಿಮಿಷ ಇದ್ದರೆ ಆ ಒಂದು ನಿಮಿಷವನ್ನು ಈಗಲೇ ಕತ್ತರಿಸಿ. ನಿಜ ಹೇಳಬೇಕೆಂದರೆ ನಾನು ನೋಡಿದ ನಮ್ಮೂರಿನ 28 ನಿಮಿಷದ ಸಿನಿಮಾಗಳಲ್ಲಿ ಹೆಚ್ಚಿನವು 17 ನಿಮಿಷದಲ್ಲಿ ಮುಗಿಯಬಹುದಿತ್ತು. ಬೆಳಗಿನ ಮಂಜು, ತೆಂಗಿನ ತೋಟದ ಮೇಲೆ ಡ್ರೋನ್, ಮತ್ತೆ ಮಂಜು. ಸಾಕು.

ಈಗ ಮುಖ್ಯ ಮಾತು. ಕಥಾಚಿತ್ರ ವಿಭಾಗದಲ್ಲಿ ಭಾಷೆಗೊಂದು ಪ್ರಶಸ್ತಿ ಉಂಟು. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಇಲ್ಲದ ಭಾಷೆಗಳಿಗೂ ಜಾಗ ಉಂಟು. ತುಳುವಿಗೆ ಬಂದದ್ದು ಹಾಗೆಯೇ: 'ಮದಿಪು', 'ಪಡ್ಡಾಯಿ', 'ಪಿಂಗಾರ', 'ಜೀಟಿಗೆ' ಎಲ್ಲ ಅತ್ಯುತ್ತಮ ತುಳು ಚಿತ್ರ ಆದವು. ಬ್ಯಾರಿ ಭಾಷೆಯ 'ಬ್ಯಾರಿ' ಅಂತೂ ಇನ್ನೂ ಮುಂದೆ ಹೋಗಿ, 2011ನೇ ಸಾಲಿನ ದೇಶದ ಅತ್ಯುತ್ತಮ ಚಿತ್ರದ ಪ್ರಶಸ್ತಿಯನ್ನು ಒಂದು ಮರಾಠಿ ಸಿನಿಮಾದ ಜೊತೆ ಹಂಚಿಕೊಂಡಿತು. ಆದರೆ ಕಿರುಚಿತ್ರಕ್ಕೆ ಈ ಭಾಷೆಯ ಬಾಗಿಲು ಇಲ್ಲ. 'ಅತ್ಯುತ್ತಮ ತುಳು ಕಿರುಚಿತ್ರ' ಅಂತ ಒಂದು ಇಲ್ಲವೇ ಇಲ್ಲ. ಅಸ್ಸಾಮಿ, ಹಿಂದಿ, ಮಲಯಾಳ, ಮರಾಠಿ, ತುಳು ಎಲ್ಲ ಒಂದೇ ಸಾಲಿನಲ್ಲಿ ಕೂರಬೇಕು. 70ನೇ ಪ್ರಶಸ್ತಿಯಲ್ಲಿ, ಅಂದರೆ 2022ರ ಸಾಲಿನಲ್ಲಿ, ಕಿರುಚಿತ್ರದ ರಜತ ಕಮಲ ಹೋದದ್ದು ಅಸ್ಸಾಮಿ ಸಿನಿಮಾಕ್ಕೆ.

ಅಂದರೆ ನಿಮ್ಮ ಸಿನಿಮಾ ನೋಡುವವರಲ್ಲಿ ಹೆಚ್ಚಿನವರಿಗೆ ನಿಮ್ಮ ಭಾಷೆಯ ಒಂದು ಅಕ್ಷರವೂ ಬರುವುದಿಲ್ಲ. ಮುಂದೆ ಹೇಳುವುದೆಲ್ಲ ಈ ಒಂದು ಸಂಗತಿಗೆ ಬಂದು ಸೇರುತ್ತದೆ.

ಹೆದರಬೇಡಿ. ಕಿರುಚಿತ್ರಕ್ಕೆ ಸಿಗಬಹುದಾದದ್ದು ಆ ಒಂದೇ ಪ್ರಶಸ್ತಿ ಅಲ್ಲ. ಹೊಸ ನಿರ್ದೇಶಕರ ಮೊದಲ ಚಿತ್ರ, ನಿರ್ದೇಶನ, ಛಾಯಾಗ್ರಹಣ, ಸೌಂಡ್ ಡಿಸೈನ್, ಸಂಕಲನ, ಸಂಗೀತ, ಚಿತ್ರಕಥೆ ಎಲ್ಲಕ್ಕೂ ಬೇರೆ ಬೇರೆ ಉಂಟು. ಕನ್ನಡದ 'ಮಧ್ಯಂತರ' 70ನೇ ಪ್ರಶಸ್ತಿಯಲ್ಲಿ ಎರಡು ತಂತು: ಮೊದಲ ಚಿತ್ರಕ್ಕೆ ನಿರ್ದೇಶಕ ಬಸ್ತಿ ದಿನೇಶ್ ಶೆಣೈ ಅವರಿಗೆ, ಸಂಕಲನಕ್ಕೆ ಸುರೇಶ್ ಅರಸ್ ಅವರಿಗೆ. ಮರುವರ್ಷ ಚಿದಾನಂದ ನಾಯ್ಕ್ ಅವರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' ಚಿತ್ರಕಥೆಗೆ ಗೆದ್ದಿತು. ಅದೂ ಕನ್ನಡವೇ. ಕೋಳಿ ಕದ್ದ ಅಜ್ಜಿಯಿಂದಾಗಿ ಊರಿಗೆ ಸೂರ್ಯನೇ ಹುಟ್ಟದ ಕಥೆ, ಬರೀ ಹದಿನಾರು ನಿಮಿಷ. ಅಷ್ಟು ಹೊತ್ತಿಗೆ ಅದು ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳಿಗಿರುವ ವಿಭಾಗ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಪಡೆದಾಗಿತ್ತು. ಮೊತ್ತದ ಬಗ್ಗೆ ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ: ಈಗ ಸ್ವರ್ಣ ಕಮಲಕ್ಕೆ 3 ಲಕ್ಷ, ರಜತ ಕಮಲಕ್ಕೆ 2 ಲಕ್ಷ.

ನಿರ್ಮಾಪಕ ಯಾರು ಅಂತ ಚಹಾ ಕುಡಿಯುವಾಗಲೇ ತೀರ್ಮಾನ ಮಾಡಿ

ನಮ್ಮಲ್ಲಿ ಕಿರುಚಿತ್ರಕ್ಕೆ ದುಡ್ಡು ಬರುವುದು ಹೇಗೆ ಅಂತ ಗೊತ್ತಲ್ವಾ? ದುಬೈಯಲ್ಲಿರುವ ಅಣ್ಣ ಇಪ್ಪತ್ತು ಸಾವಿರ, ಮುಂಬೈಯ ಹೋಟೆಲಿನ ಮಾವ ಹತ್ತು, ಉಳಿದದ್ದು ದೋಸ್ತಿಗಳು ಸೇರಿ. ಕೊನೆಗೆ ಟೈಟಲ್ಲಿನಲ್ಲಿ ನಿರ್ಮಾಪಕರು ಅಂತ ಆರು ಹೆಸರು. ಸೆನ್ಸಾರ್ ಅರ್ಜಿಯಲ್ಲೂ ಪ್ರಶಸ್ತಿ ಅರ್ಜಿಯಲ್ಲೂ ನಿರ್ಮಾಪಕರ ಸಹಿ ಬೇಕು, ಎರಡರಲ್ಲೂ ಒಂದೇ ಹೆಸರು ಇರಬೇಕು. ಆದ್ದರಿಂದ ಒಬ್ಬರನ್ನು ನಿರ್ಮಾಪಕ ಅಂತ ಮಾಡಿ, ಉಳಿದವರನ್ನು ಸಹ ನಿರ್ಮಾಪಕ ಅಂತ ಹಾಕಿ, ಒಂದು ಕಾಗದದಲ್ಲಿ ಎಲ್ಲರ ಸಹಿ ತೆಗೆದುಕೊಳ್ಳಿ. ಸ್ನೇಹದಲ್ಲಿ ಕಾಗದ ಯಾಕೆ ಅಂತ ಹೇಳುವವನೇ ಮುಂದೆ ಜಗಳ ಮಾಡುವವನು.

ಕಥೆ ಬೇರೆಯವರದ್ದಾದರೆ ಅದಕ್ಕೂ ಲಿಖಿತ ಒಪ್ಪಿಗೆ ಬೇಕು. ಹಾಡಿಗೂ ಬೇಕು. ಯಕ್ಷಗಾನದ ಪದ ಹಳೆಯದಿರಬಹುದು, ಆದರೆ ಅದನ್ನು ಹಾಡಿದ ಭಾಗವತರ ಧ್ವನಿಮುದ್ರಣ ಯಾರದ್ದೋ ಸ್ವತ್ತು. ಕ್ಯಾಸೆಟಿನಿಂದ ಎತ್ತಿ ಹಾಕುವ ಬದಲು ಒಬ್ಬ ಭಾಗವತರನ್ನು, ಒಬ್ಬ ಮದ್ದಳೆಯವರನ್ನು ಕರೆದು ಹೊಸದಾಗಿ ಹಾಡಿಸಿ. ಖರ್ಚು ನೀವು ಅಂದುಕೊಂಡಷ್ಟು ಆಗುವುದಿಲ್ಲ, ಕೇಳುವುದಕ್ಕೂ ಚಂದ.

ಶೂಟಿಂಗಿಗೆ ಮೊದಲು ಕ್ಯಾಲೆಂಡರ್ ನೋಡಿ

ಕರಾವಳಿಯಲ್ಲಿ ಕಥೆಗಿಂತ ಮೊದಲು ಕಾಲ ನೋಡಬೇಕು. ಮಲ್ಪೆ ಬಂದರಿನಲ್ಲಿ ಬೋಟು ಕಡಲಿಗೆ ಹೊರಡುವ ದೃಶ್ಯ ಬೇಕು ಅಂತ ಜೂನ್‌ನಲ್ಲಿ ಹೋದರೆ ಏನೂ ಸಿಗುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆದರೆ ಬೋಟೆಲ್ಲ ಒತ್ತೊತ್ತಾಗಿ ಕಟ್ಟಿ ನಿಂತದ್ದು ಬೇಕಿದ್ದರೆ ಅದೇ ಸರಿಯಾದ ಹೊತ್ತು. ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರಕ್ಕೆ, ಯಕ್ಷಗಾನದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ಕೋಲ ನೇಮಗಳೂ ನಿಲ್ಲುತ್ತವೆ. ಕಂಬಳ ಬೇಕಿದ್ದರೆ ಚಳಿಗಾಲದಲ್ಲೇ. ಮಳೆಗಾಲದಲ್ಲಿ ಶೂಟ್ ಮಾಡುವವರು ಸೌಂಡಿನವರಿಗೆ ಮೊದಲೇ ಹೇಳಿಬಿಡಿ: ಹಂಚಿನ ಮನೆಯಾದರೆ ಹೇಗಾದರೂ ಆದೀತು, ತಗಡಿನ ಶೀಟಿನ ಕೆಳಗೆ ಮಾತು ಕೇಳುವುದೇ ಇಲ್ಲ.

ನಿಜವಾದ ಕೋಲವನ್ನು ಸುಮ್ನೆ ಹಿನ್ನೆಲೆಗೆ ಅಂತ ಶೂಟ್ ಮಾಡಬೇಡಿ. ಇದು ನಿಯಮ ಅಲ್ಲ, ನನ್ನ ಅಭಿಪ್ರಾಯ. ಕೋಲ ನಡೆಸುವ ಗುತ್ತಿನ ಮನೆಯವರ, ದೈವ ಕಟ್ಟುವವರ ಒಪ್ಪಿಗೆ ಇಲ್ಲದೆ ತೆಗೆದ ದೃಶ್ಯ ಮುಂದೆ ಎಲ್ಲಾದರೂ ಬಂದು ಕಾಡುತ್ತದೆ.

ಡ್ರೋನ್ ಹಾರಿಸುವವರು ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆಗೆದು ನೋಡಿ. ಬಜ್ಪೆ ವಿಮಾನ ನಿಲ್ದಾಣದ ಸುತ್ತ ಕಿಲೋಮೀಟರುಗಟ್ಟಲೆ ಕೆಂಪು, ಹಳದಿ ವಲಯ, ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ.

ಕೋಳಿ, ಬೀಡಿ ಮತ್ತು ಸೆನ್ಸಾರ್

ಈಗ ಆ ಕೋಳಿಯ ಕಥೆ. ನಮ್ಮ ಸಿನಿಮಾದಲ್ಲಿ ಒಬ್ಬ ಅಜ್ಜಿ ಅಂಗಳದಲ್ಲಿ ಕೂತು ಬೀಡಿ ಕಟ್ಟುತ್ತಾಳೆ. ಪಕ್ಕದಲ್ಲಿ ಒಂದು ಹೇಂಟೆ ಕಾಳು ಹೆಕ್ಕುತ್ತದೆ. ಒಂದು ಕಡೆ ಅಜ್ಜಿ ಅದನ್ನು ಎತ್ತಿ ಗೂಡಿಗೆ ಹಾಕುತ್ತಾಳೆ. ಅಷ್ಟೇ. ನವೆಂಬರಿನಲ್ಲಿ ಸೆನ್ಸಾರಿಗೆ ಹಾಕಿದೆವು. ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಎಲ್ಲಿ ಅಂತ ಕೇಳಿದರು. ನಮ್ಮ ಬಳಿ ಇರಲಿಲ್ಲ. ಮನೆಯ ಕೋಳಿಗೂ ಪತ್ರ ಬೇಕು ಅಂತ ನಮಗೆ ಗೊತ್ತೇ ಇರಲಿಲ್ಲ. ಕೊನೆಗೆ ಹೇಂಟೆಯನ್ನು ಎತ್ತುವ ಶಾಟ್ ಕತ್ತರಿಸಿ, ಪತ್ರ ಬರೆದು, ಮತ್ತೆ ತೋರಿಸಿ ಎಲ್ಲ ಮುಗಿಯುವಾಗ ಹೊಸ ವರ್ಷದ ಕ್ಯಾಲೆಂಡರ್ ಗೋಡೆಗೆ ಬಂದಾಗಿತ್ತು.

ಅದರಿಂದ ಏನಾಯಿತು? ಪ್ರಶಸ್ತಿಯ ಲೆಕ್ಕ ನಡೆಯುವುದು ಸಿನಿಮಾ ಮಾಡಿದ ವರ್ಷದ ಮೇಲೆ ಅಲ್ಲ, ಬಿಡುಗಡೆಯ ಮೇಲೂ ಅಲ್ಲ. ಸೆನ್ಸಾರ್ ಪ್ರಮಾಣಪತ್ರದ ತಾರೀಕಿನ ಮೇಲೆ. ಜನವರಿ 1ರಿಂದ ಡಿಸೆಂಬರ್ 31ರ ಒಳಗೆ ಪ್ರಮಾಣಪತ್ರ ಸಿಕ್ಕಿದವು ಮಾತ್ರ ಆ ಸಾಲಿಗೆ. ಕೆಲವು ದಿನ ತಪ್ಪಿದ್ದಕ್ಕೆ ನಾವು ಇಡೀ ಮುಂದಿನ ಸಾಲಿಗೆ ಹೋದೆವು. ತಪ್ಪು ನಮ್ಮದೇ.

ಹಾಗಾಗಿ ನಾಯಿ, ಎತ್ತು, ಕೋಣ, ಕೋಳಿ ಯಾವುದನ್ನಾದರೂ ನಟನೆಗೆ ಬಳಸುವುದಿದ್ದರೆ ಶೂಟಿಂಗಿಗೆ ಮೊದಲೇ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಕೇಳಿ. ಪಶುವೈದ್ಯರ ಪತ್ರವೂ ಬೇಕಾಗುತ್ತದೆ. ಶೂಟಿಂಗ್ ಮುಗಿದ ಮೇಲೆ ಅವರ ನಿರಾಕ್ಷೇಪಣಾ ಪತ್ರ ಬರಬೇಕು. ಅದನ್ನೇ ಸೆನ್ಸಾರಿಗೆ ಕೊಡುವುದು. ಕೋಳಿ ಅಂಕದ ಕಥೆ ಬರೆದವರು ಅಂಕವನ್ನು ಜನರ ಮುಖದಲ್ಲಿ, ಶಬ್ದದಲ್ಲಿ ತೋರಿಸಿ. ನಿಜವಾಗಿ ಕೋಳಿ ಕಾದಾಡಿಸಿದರೆ ಅದು ಅಪರಾಧ, ಸೆನ್ಸಾರಿನ ಮಾತು ಆಮೇಲೆ. ಹುಲಿವೇಷಕ್ಕೆ ಮಾತ್ರ ಯಾವ ಪತ್ರವೂ ಬೇಡ, ಪುಣ್ಯಕ್ಕೆ.

ಬೀಡಿಯ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಜಿಲ್ಲೆಗಳಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಅಮ್ಮಂದಿರ ಕಥೆ ಮನೆಮನೆಯಲ್ಲಿ ಉಂಟು, ಅದನ್ನು ಸಿನಿಮಾ ಮಾಡುವವರೂ ಜಾಸ್ತಿ. ಆದರೆ ತಂಬಾಕು ನಿಯಮ ಸೇದುವುದಕ್ಕೆ ಮಾತ್ರ ಅಲ್ಲ, ತಂಬಾಕಿನ ಉತ್ಪನ್ನ ಪರದೆಯಲ್ಲಿ ಕಂಡರೂ ಅನ್ವಯ. ಶುರುವಿನಲ್ಲಿ ಮತ್ತು ನಡುವೆ ತಲಾ 30 ಸೆಕೆಂಡಿನ ಆರೋಗ್ಯ ಸಂದೇಶ, ತಲಾ 20 ಸೆಕೆಂಡಿನ ಎಚ್ಚರಿಕೆ, ಮತ್ತೆ ಬೀಡಿ ಕಾಣುವಷ್ಟು ಹೊತ್ತೂ ಕೆಳಗೆ ಬರಹ. ಒಟ್ಟು ನೂರು ಸೆಕೆಂಡ್. ಎರಡು ಗಂಟೆಯ ಸಿನಿಮಾದಲ್ಲಿ ಅದು ಏನೂ ಅಲ್ಲ, ಹದಿನೈದು ನಿಮಿಷದ ಸಿನಿಮಾದಲ್ಲಿ ನಡುವೆ ಐವತ್ತು ಸೆಕೆಂಡ್ ನಿಲ್ಲುವುದು ಅಂದರೆ ಉಸಿರು ಕಟ್ಟಿದ ಹಾಗೆ. ನಮ್ಮ ಎರಡನೇ ಸಿನಿಮಾದಲ್ಲಿ ನಾವು ಬೀಡಿಯನ್ನೇ ತೋರಿಸಲಿಲ್ಲ. ಎಲೆ ಕತ್ತರಿಸುವ ಕತ್ತರಿಯ ಶಬ್ದ, ಬೀಡಿ ಕೊಡುವ ಬ್ರಾಂಚಿಗೆ ಹೋಗುವ ಚೀಲ, ಬೆರಳು. ನೋಡಿದವರಿಗೆಲ್ಲ ಅರ್ಥ ಆಯ್ತು.

ಸೆನ್ಸಾರ್ ಅರ್ಜಿ ಈಗ ಆನ್‌ಲೈನ್, ಇ-ಸಿನೆಪ್ರಮಾಣ್ ಪೋರ್ಟಲ್ಲಿನಲ್ಲಿ. ನಮಗೆ ಹತ್ತಿರದ ಪ್ರಾದೇಶಿಕ ಕಚೇರಿ ಬೆಂಗಳೂರು. ಕಥಾಸಾರ, ಪೂರ್ತಿ ಸಂಭಾಷಣೆ, ಹಾಡಿದ್ದರೆ ಅದರ ಸಾಹಿತ್ಯ, ನಟರ ಮತ್ತು ತಂತ್ರಜ್ಞರ ಪಟ್ಟಿ ಎಲ್ಲ ಮೊದಲೇ ಟೈಪ್ ಮಾಡಿ ಇಟ್ಟುಕೊಳ್ಳಿ. ಸಂಭಾಷಣೆ ಅಂದರೆ ಶೂಟಿಂಗಿಗೆ ಮೊದಲು ಬರೆದದ್ದಲ್ಲ, ಎಡಿಟ್ ಆದ ಮೇಲೆ ಸಿನಿಮಾದಲ್ಲಿ ನಿಜವಾಗಿ ಇರುವ ಮಾತು. ಯಾವ ವಯಸ್ಸಿನವರು ನೋಡಬಹುದು ಅಂತ ಹೇಳುವ ವರ್ಗಗಳಲ್ಲಿ ಯು, ಎ ಮೊದಲೇ ಇತ್ತು. ಯುಎ ಮಾತ್ರ ಈಗ 7+, 13+, 16+ ಅಂತ ಮೂರಾಗಿದೆ. ಯಾವ ವರ್ಗ ಸಿಕ್ಕಿದರೂ ತಲೆಕೆಡಿಸಿಕೊಳ್ಳಬೇಡಿ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಹೆಸರು, ಭಾಷೆ, ಅವಧಿ ಮೂರನ್ನೂ ಓದಿ ನೋಡಿ. ಮತ್ತೆ ಆಮೇಲೆ ಕೈ ಕಡಿಯುತ್ತದೆ ಅಂತ ಸಿನಿಮಾವನ್ನು ಪುನಃ ಕತ್ತರಿಸಬೇಡಿ. ಪ್ರಮಾಣಪತ್ರ ಸಿಕ್ಕಿದ ಪ್ರತಿಯೇ ನಿಮ್ಮ ಸಿನಿಮಾ, ಬದಲಾಯಿಸಿದರೆ ಸೆನ್ಸಾರ್ ಮಂಡಳಿಗೆ ತಿಳಿಸಬೇಕಾಗುತ್ತದೆ.

ನನ್ನ ಲೆಕ್ಕ ಕೇಳಿದರೆ ಸೆಪ್ಟೆಂಬರ್ ಒಳಗೆ ಸೆನ್ಸಾರಿಗೆ ಹಾಕಿ. ಚೌತಿಗೆ ಮೊದಲು ಅಂತ ಇಟ್ಟುಕೊಂಡರೆ ನೆನಪಿರುತ್ತದೆ.

ಸಬ್‌ಟೈಟಲ್: ಇಲ್ಲಿ ಸಮಯ ಕೊಡಿ, ಬೇರೆ ಕಡೆ ಬೇಕಾದರೆ ಉಳಿಸಿ

ಇಂಗ್ಲಿಷ್ ಸಬ್‌ಟೈಟಲ್ ಕಡ್ಡಾಯ. ಆದರೆ ನಮ್ಮಲ್ಲಿ ಅದನ್ನು ಮಾಡುವುದು ಹೇಗೆ? ಕಳಿಸುವ ಹಿಂದಿನ ರಾತ್ರಿ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಒಬ್ಬ ತಮ್ಮನನ್ನು ಕೂರಿಸಿಕೊಂಡು, ಗೋಲಿ ಬಜೆ ತಿನ್ನುತ್ತಾ. ಕ್ಯಾಮೆರಾ ಬಾಡಿಗೆಗೆ ದಿನಕ್ಕೆ ಸಾವಿರಾರು ಕೊಟ್ಟವರು ಸಬ್‌ಟೈಟಲಿಗೆ ಒಂದು ರೂಪಾಯಿ ಇಟ್ಟಿರುವುದಿಲ್ಲ. ತೀರ್ಪುಗಾರರು ಓದುವ ಸಂಭಾಷಣೆ ಅದೇ ಅಲ್ವಾ? ನಿಮ್ಮ ನಟಿ ಎಷ್ಟು ಚಂದ ತುಳು ಮಾತಾಡಿದರೂ ಅವರ ಕಣ್ಣಿಗೆ ಬೀಳುವುದು ಆ ಎರಡು ಸಾಲು.

ಒಂದು ಉದಾಹರಣೆ ಹೇಳುತ್ತೇನೆ. ಮಗ ಕುವೈತಿಗೆ ಹೊರಟಿದ್ದಾನೆ. ಬಾಗಿಲಲ್ಲಿ ನಿಂತು ತಾಯಿಗೆ "ಬರ್ಪೆ ಅಮ್ಮಾ" ಅನ್ನುತ್ತಾನೆ. ಕನ್ನಡದಲ್ಲೂ ನಾವು ಹೋಗುವಾಗ ಬರ್ತೇನೆ ಅಂತಲೇ ಹೇಳುವುದು. ಅದನ್ನು 'ಐ ವಿಲ್ ಕಮ್' ಅಂತ ಹಾಕಿದರೆ ಓದುವವರು, ಎಲ್ಲಿಗೆ ಬರ್ತಾನೆ ಅಂತ ತಲೆ ಕೆರೆದುಕೊಳ್ಳುತ್ತಾರೆ. 'ಗುಡ್‌ಬೈ' ಅಂತ ಹಾಕಿದರೆ ಅರ್ಥ ಆಗುತ್ತದೆ, ಆದರೆ ಅವನು ಮುಂದೆ ಬರುವುದೇ ಇಲ್ಲ ಅನ್ನುವ ಕಥೆಯಾದರೆ ಆ ಮಾತಿನ ಜೀವವೇ ಹೋಯಿತು. 'ನಾನು ವಾಪಸ್ ಬರ್ತೇನೆ' ಅನ್ನುವ ಅರ್ಥದಲ್ಲಿ ಹಾಕಿದರೆ ಎರಡೂ ಉಳಿಯುತ್ತದೆ. ಈ ಒಂದು ಸಾಲಿಗೆ ನಾವು ಒಂದು ಸಂಜೆ ಕೂತಿದ್ದೇವೆ.

ಸಂಬಂಧದ ಮಾತು ಇನ್ನೊಂದು ಹೊಂಡ. ಮೀನು ಮಾರುವವರನ್ನು ನಾವು ಅಕ್ಕ ಅನ್ನುತ್ತೇವೆ. ಸಬ್‌ಟೈಟಲಿನಲ್ಲಿ 'ಸಿಸ್ಟರ್' ಅಂತ ಬಂದರೆ ನಾಯಕನಿಗೆ ಒಬ್ಬ ಅಕ್ಕ ಇದ್ದಾಳೆ ಅಂತ ನೋಡುವವರು ಲೆಕ್ಕ ಹಾಕಿಕೊಳ್ಳುತ್ತಾರೆ, ಕೊನೆಯ ತನಕ ಅವಳನ್ನು ಹುಡುಕುತ್ತಾರೆ. 'ಅಕ್ಕ' ಅಂತಲೇ ಬಿಡಿ, ಅಥವಾ ಸಂಬೋಧನೆಯನ್ನೇ ತೆಗೆದುಬಿಡಿ. 'ಮಾರಾಯ' ಕೂಡ ಹಾಗೆಯೇ, ಪ್ರತಿ ಸಲ ಅನುವಾದ ಮಾಡಬೇಕಾಗಿಲ್ಲ, ದನಿಯಲ್ಲೇ ಗೊತ್ತಾಗುತ್ತದೆ.

ತುಳುವಿನಲ್ಲಿ 'ಈ' (ನೀನು) ಬೇರೆ, 'ಈರ್' (ನೀವು) ಬೇರೆ. ಇಷ್ಟು ದಿನ ಈರ್ ಅನ್ನುತ್ತಿದ್ದ ಒಕ್ಕಲಿನವನು ಒಂದು ದೃಶ್ಯದಲ್ಲಿ ಧಣಿಗೆ ಈ ಅಂದುಬಿಟ್ಟ ಅಂದರೆ ನಮ್ಮ ಮೈ ಜುಂ ಅನ್ನುತ್ತದೆ. ಇಂಗ್ಲಿಷಿನಲ್ಲಿ ಎರಡೂ 'ಯೂ'. ಹಾಗಾದರೆ ಮೊದಲಿಂದ ಪ್ರತಿ ಸಾಲಿಗೂ 'ಸರ್' ಸೇರಿಸುತ್ತಾ ಬಂದು ಆ ಕ್ಷಣದಲ್ಲಿ ಬರೀ ಹೆಸರು ಹಿಡಿದು ಕರೆಸಿ. ಅದೇ ರೀತಿ ಬ್ಯಾಂಕಿನವರು ಕನ್ನಡ, ಅಜ್ಜಿ ತುಳು, ಮೀನಿನ ಏಜೆಂಟ್ ಬ್ಯಾರಿ ಮಾತಾಡುವ ಸಿನಿಮಾ ನಮ್ಮಲ್ಲಿ ಮಾಮೂಲು. ಅಜ್ಜಿಗೆ ಬ್ಯಾಂಕಿನವರ ಮಾತು ಅರ್ಥವಾಗದೆ ಇರುವುದೇ ದೃಶ್ಯದ ತಿರುಳಾದರೆ, ಸಬ್‌ಟೈಟಲ್ ಎಲ್ಲವನ್ನೂ ಒಂದೇ ಇಂಗ್ಲಿಷ್ ಮಾಡಿ ಅದನ್ನು ನುಂಗಿಬಿಡುತ್ತದೆ. ಒಂದು ಭಾಷೆಗೆ ನೇರ ಅಕ್ಷರ, ಇನ್ನೊಂದಕ್ಕೆ ಓರೆ ಅಕ್ಷರ ಇಡಿ. ಎರಡನೇ ಸಾಲಿನಲ್ಲೇ ನೋಡುವವರಿಗೆ ಗೊತ್ತಾಗುತ್ತದೆ.

ಲೆಕ್ಕದ ವಿಷಯ ಸಣ್ಣದು: ಒಂದು ಸಲಕ್ಕೆ ಎರಡೇ ಸಾಲು, ಸಾಲಿಗೆ ಸುಮಾರು 40 ಅಕ್ಷರ, ಒಂದು ಸೆಕೆಂಡಿಗಿಂತ ಕಡಿಮೆ ನಿಲ್ಲಿಸಬೇಡಿ, ಆರೇಳು ಸೆಕೆಂಡಿಗಿಂತ ಹೆಚ್ಚು ಎಳೆಯಬೇಡಿ. ಬಿಳಿ ಅಕ್ಷರಕ್ಕೆ ಕಪ್ಪು ಅಂಚು ಕೊಡಿ, ಯಾಕೆಂದರೆ ನಮ್ಮ ಸಿನಿಮಾದಲ್ಲಿ ಬಿಳಿ ಮುಂಡು, ಬಿಳಿ ಮರಳು, ಹೊಳೆಯುವ ಕಡಲು ಎಲ್ಲ ಇರುತ್ತದಲ್ಲ.

ಮುಗಿದ ಮೇಲೆ ಪರೀಕ್ಷೆ ಮಾಡುವುದಕ್ಕೆ ದೇವರೇ ಕೊಟ್ಟ ಹಾಗೆ ನಮಗೆ ಮಣಿಪಾಲ ಉಂಟು, ಸುರತ್ಕಲ್ ಎನ್‌ಐಟಿಕೆ ಉಂಟು. ಪಂಜಾಬಿನವರು, ಬಂಗಾಳದವರು, ಈಶಾನ್ಯದವರು ಎಲ್ಲ ಹಾಸ್ಟೆಲಿನಲ್ಲಿ ಸಿಗುತ್ತಾರೆ. ತುಳು ಕನ್ನಡ ಬಾರದ ಮೂರು ಜನರನ್ನು ಕೂರಿಸಿ ಸಿನಿಮಾ ತೋರಿಸಿ. ಹೇಗಿದೆ ಅಂತ ಕೇಳಬೇಡಿ, ಸೂಪರ್ ಅಂತಲೇ ಹೇಳುತ್ತಾರೆ. ಕಥೆ ಏನು ಹೇಳಿ ಅಂತ ಕೇಳಿ. ಎಲ್ಲಿ ತಪ್ಪು ಹೇಳುತ್ತಾರೋ ಅಲ್ಲಿ ಸಾಲು ಬದಲಾಗಬೇಕು. ಇದೆಲ್ಲ ಸೆನ್ಸಾರಿಗೆ ಮೊದಲೇ ಆಗಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ಅರ್ಜಿ

ಎನ್‌ಎಫ್‌ಡಿಸಿ ಪ್ರಕಟಣೆ ಪ್ರತಿ ವರ್ಷ ಒಂದೇ ತಿಂಗಳಲ್ಲಿ ಬರುವುದಿಲ್ಲ. ಕೊರೋನಾ ಕಾಲದಿಂದ ಎಲ್ಲ ಹಿಂದೆ ಬಿದ್ದಿದೆ. 2022ರ ಸಾಲಿನ ಪ್ರಶಸ್ತಿ ಘೋಷಣೆ ಆದದ್ದು 2024ರ ಆಗಸ್ಟಿನಲ್ಲಿ, 2023ರ ಸಾಲಿನದ್ದು 2025ರ ಆಗಸ್ಟ್ 1ಕ್ಕೆ. ಹಾಗಾಗಿ ತಿಂಗಳಿಗೊಮ್ಮೆ ಅವರ ಜಾಲತಾಣ ನೋಡುವ ಕೆಲಸವನ್ನು ತಂಡದಲ್ಲಿ ಒಬ್ಬರಿಗೆ ವಹಿಸಿ. ಪ್ರಕಟಣೆ ಬಂದ ಮೇಲೆ ಸಿಗುವ ಸಮಯ ಕಡಿಮೆ.

ನಿಯಮಾವಳಿಯ ಪಿಡಿಎಫ್ ಪೂರ್ತಿ ಓದಿ. ಯಾವ ರೂಪದಲ್ಲಿ ಪ್ರತಿ ಬೇಕು, ಯಾವ ದಾಖಲೆ ಬೇಕು ಅಂತ ಅದರಲ್ಲೇ ಇರುತ್ತದೆ. ಡಿಸಿಪಿ, ಅಂದರೆ ಥಿಯೇಟರಿನಲ್ಲಿ ಹಾಕುವ ಡಿಜಿಟಲ್ ಪ್ರತಿ ಕೇಳಿದರೆ ಪಾಸ್‌ವರ್ಡ್ ಲಾಕ್ ಇಲ್ಲದ ಪ್ರತಿ ಮಾಡಿಸಿ, ಮಾಡಿಸಿದವರ ಸಿಸ್ಟಮಿನಲ್ಲಿ ಮಾತ್ರ ಅಲ್ಲ, ಒಂದು ನಿಜವಾದ ಥಿಯೇಟರಿನಲ್ಲಿ ಬೆಳಗಿನ ಶೋಗೆ ಮೊದಲು ಹಾಕಿ ನೋಡಿ. ಮ್ಯಾನೇಜರ್ ಹತ್ತಿರ ಚಂದದಲ್ಲಿ ಕೇಳಿದರೆ ಇಪ್ಪತ್ತು ನಿಮಿಷ ಬಿಡುತ್ತಾರೆ.

ಹೆಸರಿನ ಸ್ಪೆಲ್ಲಿಂಗ್ ಬಗ್ಗೆ ಒಂದು ಮಾತು. ಟೈಟಲ್ಲಿನಲ್ಲಿ ಒಂದು, ಸೆನ್ಸಾರಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಇರುವುದು ನಮ್ಮಲ್ಲಿ ಸಾಮಾನ್ಯ. ಶೆಟ್ಟಿಗೆ ಕೊನೆಯಲ್ಲಿ ವೈ ಒಂದಾ, ಐ ಒಂದಾ? ಮನೆತನದ ಹೆಸರು ಮೊದಲಾ ಕೊನೆಗಾ? ಎಲ್ಲ ಕಡೆ ಒಂದೇ ಮಾಡಿ. ಸಂಕಲನಕಾರರದ್ದು, ಸೌಂಡಿನವರದ್ದು ಕೂಡ. ಪ್ರಶಸ್ತಿ ಅವರಿಗೂ ಬರಬಹುದು. ನಿರ್ದೇಶಕರ ಮೊದಲ ಚಿತ್ರವಾದರೆ ಆ ವಿಭಾಗದಲ್ಲೂ ನಮೂದಿಸಲು ಮರೆಯಬೇಡಿ.

ಕಥಾಸಾರ ಬರೆಯುವಾಗ 'ಮಾನವೀಯ ಮೌಲ್ಯಗಳ ಹೃದಯಸ್ಪರ್ಶಿ ಕಥನ' ಅಂತೆಲ್ಲ ಬೇಡ. ಯಾರು, ಎಲ್ಲಿ, ಏನಾಯಿತು ಅಷ್ಟೇ. ಕೋಲ ಅಂದರೇನು, ಗುತ್ತು ಅಂದರೇನು ಅಂತ ಸಿನಿಮಾಕ್ಕೆ ಬೇಕಿದ್ದರೆ ಒಂದೊಂದು ವಾಕ್ಯ.

ಶಿಫಾರಸು ಹುಡುಕಿಕೊಂಡು ತಿರುಗಬೇಡಿ. 71ನೇ ಪ್ರಶಸ್ತಿಯ ಕಥೇತರ ವಿಭಾಗದ ತೀರ್ಪುಗಾರರ ಅಧ್ಯಕ್ಷರು ನಮ್ಮ ಕನ್ನಡದ ನಿರ್ದೇಶಕ ಪಿ. ಶೇಷಾದ್ರಿ ಅವರೇ ಆಗಿದ್ದರು, ಆದರೂ ಕಿರುಚಿತ್ರದ ಪ್ರಶಸ್ತಿ ಹೋದದ್ದು ಹಿಂದಿ ಸಿನಿಮಾಕ್ಕೆ. ಹಾಗೆಯೇ ಆಗಬೇಕಾದದ್ದು.

ಕಾಯುವ ಹೊತ್ತಿನಲ್ಲಿ

ಸಿನಿಮಾವನ್ನು ಯೂಟ್ಯೂಬಿಗೆ ಹಾಕುವ ಕೈಯನ್ನು ಸ್ವಲ್ಪ ತಡೆದುಕೊಳ್ಳಿ. ಆನ್‌ಲೈನ್ ಬಂದ ಸಿನಿಮಾ ಬೇಡ ಅನ್ನುವ ಉತ್ಸವಗಳು ಬಹಳ. ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವ ಇಫಿಯಲ್ಲಿ ಭಾರತದ ಚಿತ್ರಗಳಿಗೆ ಅಂತ ಇಂಡಿಯನ್ ಪನೋರಮಾ ವಿಭಾಗ ಉಂಟು, ಕಥೇತರ ಚಿತ್ರಗಳಿಗೇ ಬೇರೆ ಪಟ್ಟಿ. ಮಂಗಳೂರಿನಿಂದ ರೈಲು ಹತ್ತಿದರೆ ಕೆಲವೇ ಗಂಟೆ, ಆಯ್ಕೆ ಆಗದಿದ್ದರೂ ಹೋಗಿ ನೋಡಿ ಬನ್ನಿ. ಮುಂಬೈಯ ಅಂತರರಾಷ್ಟ್ರೀಯ ಚಿತ್ರೋತ್ಸವ ಮಿಫ್ ಎರಡು ವರ್ಷಕ್ಕೊಮ್ಮೆ. ಕೇರಳದವರು ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಕ್ಕೆ ಅಂತಲೇ ಒಂದು ಉತ್ಸವ ಮಾಡುತ್ತಾರೆ. ಬೆಂಗಳೂರಿನ ಅಂತರರಾಷ್ಟ್ರೀಯ ಕಿರುಚಿತ್ರೋತ್ಸವವೂ ಉಂಟು. ಎಲ್ಲದಕ್ಕೂ ಅದೇ ಸಬ್‌ಟೈಟಲ್ ಕೆಲಸಕ್ಕೆ ಬರುತ್ತದೆ.

ಮತ್ತೆ ಹಾರ್ಡ್ ಡಿಸ್ಕ್. ಅರ್ಜಿಯಿಂದ ಫಲಿತಾಂಶದ ತನಕ ಕರಾವಳಿಯ ಒಂದೆರಡು ಮಳೆಗಾಲ ದಾಟಬೇಕು. ಗೋದ್ರೇಜ್ ಕಪಾಟಿನೊಳಗೆ ಬೂಷ್ಟು ಹಿಡಿದ ಲೆನ್ಸ್ ನಾನು ನೋಡಿದ್ದೇನೆ, ಆನ್ ಆಗದ ಡಿಸ್ಕನ್ನೂ ನೋಡಿದ್ದೇನೆ. ಎರಡು ಪ್ರತಿ ಮಾಡಿ. ಒಂದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಮನೆಯಲ್ಲಿಡಿ, ಇನ್ನೊಂದನ್ನು ಬೆಂಗಳೂರಿನಲ್ಲಿರುವ ಯಾರಾದರೂ ನೆಂಟರ ಮನೆಯಲ್ಲಿ. ಸೆನ್ಸಾರ್ ಪ್ರಮಾಣಪತ್ರದ ಸ್ಕ್ಯಾನ್, ಒಪ್ಪಿಗೆ ಪತ್ರಗಳು, ಸಬ್‌ಟೈಟಲ್ ಫೈಲ್ ಎಲ್ಲ ಅದರ ಜೊತೆಗೇ ಇರಲಿ, ಮತ್ತೆ ಡಿಸ್ಕಿನ ಮೇಲೆ ಸಿನಿಮಾದ ಹೆಸರು ಬರೆದು ಅಂಟಿಸಿ, ಇಲ್ಲದಿದ್ದರೆ ಆ ಮನೆಯ ಮಕ್ಕಳು ಅದಕ್ಕೆ ಕಾರ್ಟೂನ್ ತುಂಬಿಸುತ್ತಾರೆ.